ಈಶಾನ್ಯದ ಬಂಡೆ

ಸರ್ವೆಯವನು ಕೊಟ್ಟ ಹಾಳೆಯಲ್ಲಿ
ಗುಡ್ಡವೆಂದರೆ ಒಂದರೊಳಗೊಂದು ಗೆರೆ,
ಹೆಬ್ಬೆಟ್ಟಿನ ಗುರುತಿನ ಹಾಗೆ,
ಸಹಿ ಬಾರದ ಯಾರದ್ದೋ.

ತುರಹಳ್ಳಿ ಕಾಡಿನ ಬೇಲಿಗೆ ಬೆನ್ನು ಕೊಟ್ಟ
ಅರವತ್ತು ತೊಂಬತ್ತರ ಸೈಟು.
ಎರಡು ಹೊಂಗೆ, ಒಂದು ಬಾಗಿದ ಜಾಲಿ,
ಲಂಟಾನದ ಪೊದೆ, ಒಡೆದ ಬಿಯರ್ ಬಾಟಲಿ,
ಮತ್ತೆ ಮೂಲೆಯಲ್ಲಿ
ಮಲಗಿ ಏಳಲು ಮರೆತ ಎಮ್ಮೆಯಂಥ ಬಂಡೆ.

"ಪ್ರಕೃತಿಯ ಜೊತೆ ಬೆರೆತುಹೋಗಬೇಕು ಮೇಡಂ,"
ಅಂದರು ಇಂದುಧರ್. "ಹೊರಗೆ ಯಾವುದು, ಒಳಗೆ ಯಾವುದು
ಗೊತ್ತಾಗಬಾರದು.
ಮೂರು ಕಾರು ನಿಲ್ಲಬೇಕು.
ಆಮೇಲೆ, ಆ ಬಂಡೆ ತೆಗೆಸಿಬಿಡಿ."
ಈಶಾನ್ಯದಲ್ಲಿ ಭಾರ ಇರಬಾರದಂತೆ,
ಯಜಮಾನನಿಗೆ ಆಗಿಬರುವುದಿಲ್ಲವಂತೆ.
ಮುನ್ನೂರು ಕೋಟಿ ವರ್ಷದ ಯಜಮಾನನ ಮೇಲೆ
ಕೂತೇ ನಾವು ಈ ಮಾತಾಡಿದ್ದು,
ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು.

ನನ್ನ ಕಂಪ್ಯೂಟರಿನ ಮರಗಳ ಖಾನೆಯಲ್ಲಿ
ಓಕ್ ಇದೆ, ಮೇಪಲ್ ಇದೆ, ಹಿಮ ಹೊತ್ತ ಪೈನ್ ಕೂಡ ಇದೆ.
ಹೊಂಗೆ ಇಲ್ಲ.
ಮೇಪಲ್ಲನ್ನೇ ತಂದು, ಅದರ ಕೆಂಪು ತೆಗೆದು,
ಎಲೆಗೆ ಎಣ್ಣೆಯ ಹೊಳಪು ಕೊಟ್ಟು
ನೆರಳನ್ನು ಮಾತ್ರ ಕೈಯಲ್ಲೇ ಬರೆದೆ.
ನೋಡಿದವರೆಲ್ಲ ಮರ ಚೆನ್ನಾಗಿದೆ ಅಂದರು.

ಆರು ಸಲ ನಕ್ಷೆ ಬದಲಾಯಿತು.
ಬಂಡೆ ಉಳಿದರೆ ಅಡುಗೆಮನೆ ಸಾಯುತ್ತದೆ,
ಅಡುಗೆಮನೆ ಉಳಿದರೆ ದೊಡ್ಡ ಹೊಂಗೆ.
ರಾತ್ರಿ, ಹನುಮಂತನಗರದ ಬಾಡಿಗೆಮನೆಯಲ್ಲಿ,
ಪಕ್ಕದವರ ಗೀಸರ್ ಪೈಪಿಗೆ ತೆರೆದುಕೊಳ್ಳುವ ಕಿಟಕಿಯ ಬಳಿ ಕೂತು
ಬೇರೆಯವರ ಕಿಟಕಿಗಳಿಗೆ ಕಾಡು ಹಂಚುತ್ತಿದ್ದೆ.

ಕಲ್ಲೊಡೆಯಲು ಬಂದವರು ಪಿಳ್ಳಮುನಿಯಪ್ಪ.
ಉಳಿ ತೆಗೆಯಲಿಲ್ಲ. ಒಂದು ಸುತ್ತು ಬಂದು
ಬಂಡೆಗೆ ಕಿವಿಯಿಟ್ಟು, ಬೆರಳ ಗಂಟಿನಿಂದ ತಟ್ಟಿದರು
ಹಲಸಿನಹಣ್ಣು ಕೊಳ್ಳುವವರಂತೆ.
ಚಪ್ಪಲಿ ಬಿಟ್ಟು ಹತ್ತಿ, ಮೇಲಿಂದ ಕೂಗಿದರು:
"ಬನ್ನಿ ಇಲ್ಲಿ. ದೊಣೆ ಐತೆ."
ಮೊರದಗಲದ ಗುಳಿ. ಮೊನ್ನೆ ಬಿದ್ದ ಮಳೆ
ಒಂದು ಗೇಣು ನಿಂತಿತ್ತು,
ಎರಡು ಹೊಂಗೆಯೆಲೆ, ಬಾಲ ಬಿಡದ ಕಪ್ಪೆಮರಿ.
"ಈಶಾನ್ಯದಾಗೆ ನೀರಿರಬೇಕು ಅಂತೀರಲ್ಲ ಸ್ವಾಮಿ,
ನಿಮಗಿಂತ ಮುಂಚೆ ಯಾರೋ ಇಟ್ಟವ್ರೆ."

ಇಂದುಧರ್ ವಾಸ್ತುವಿನವರಿಗೆ ಫೋನು ಹಚ್ಚಿ
ಬಹಳ ಹೊತ್ತು ಕಾರಿನ ಆಚೆ ನಿಂತು ಮಾತಾಡಿದರು.
ಪಿಳ್ಳಮುನಿಯಪ್ಪ ದಿನದ ಕೂಲಿ ಪೂರಾ ಇಸಕೊಂಡರು.
"ಒಡೀದೆ ಇದ್ದದ್ದಕ್ಕೂ ಅಷ್ಟೇ ಆಯ್ತದೆ."

ಮನೆ ಈಗ ಬಂಡೆಗೆ ಹೆಗಲು ಕೊಟ್ಟು ನಿಂತಿದೆ,
ಬಸ್ಸಿನಲ್ಲಿ ನಿದ್ದೆಹೋದ ಅಪರಿಚಿತರಿಬ್ಬರಂತೆ.
ಮಣ್ಣಿಟ್ಟಿಗೆಯ ಗೋಡೆ ಅದನ್ನು ಮುಟ್ಟುವಲ್ಲಿ
ಒಂದಂಗುಲ ಸಂದು ಬಿಟ್ಟು ಗಾಜು ಕೂರಿಸಿದೆ;
ಬೆಳಿಗ್ಗೆ ಏಳೂವರೆಗೆ ಅಲ್ಲಿಂದ ಒಂದು ಗೆರೆ ಬೆಳಕು
ಪಾತ್ರೆ ಸ್ಟ್ಯಾಂಡಿನವರೆಗೆ ನಡೆದು ಹಿಂದಿರುಗುತ್ತದೆ.

ದೂರುಗಳೂ ಬರುತ್ತವೆ. ಸುಲೋಚನಾ ಇಂದುಧರ್
ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ:
ಹೊಂಗೆಹೂವು ಬಿದ್ದು ಕಟ್ಟಿಕೊಂಡ ತಾರಸಿ ಕೊಳವೆ,
ಸೋಫಾ ಹತ್ತಿದ ಕೆಂಜಿಗ,
ಊಟದ ಕೋಣೆಯಲ್ಲಿ ಹಾದುಹೋದ ಮುಂಗುಸಿ, ಬಾಲ ಮಾತ್ರ.
ಹೊರಗೆ ಯಾವುದು, ಒಳಗೆ ಯಾವುದು,
ಅದಕ್ಕೂ ಗೊತ್ತಾಗಲಿಲ್ಲವೆಂದು ಕಾಣುತ್ತದೆ.

ನಿನ್ನೆ ಹೋಗಿದ್ದೆ. ಪಕ್ಕದ ಸೈಟಿನಲ್ಲಿ
ಕಂಪ್ರೆಸರ್ ಹಚ್ಚಿ ಕೊರೆಯುತ್ತಿದ್ದರು,
ಇದೇ ಬಂಡೆಯ ಇನ್ನೊಂದು ಕಾಲು.
ಮಣ್ಣಿನಡಿ ಅದಕ್ಕೆ ಸೈಟ್ ನಂಬರಿಲ್ಲ.
ಸುಲೋಚನಾ ಏನೂ ಹೇಳದೆ
ಕೈ ಹಿಡಿದು ನನ್ನನ್ನು ಮೇಲೆ ಹತ್ತಿಸಿದರು.
ದೊಣೆಯ ನೀರಿನಲ್ಲಿ
ಅಂಚಿನಿಂದ ನಡುವಿಗೆ ಒಂದರೊಳಗೊಂದು ಗೆರೆ
ಏಳುತ್ತಿತ್ತು, ಅಳಿಯುತ್ತಿತ್ತು, ಏಳುತ್ತಿತ್ತು.

ಆಮೇಲೆ ಅವರು ಟೀಗೆ ನಿಲ್ಲಿಸಿದರು. ನೀರೂ ನಿಂತಿತು.
ನಾವಿಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತೆವು.
ಒಂದು ಟೀ
ಎಷ್ಟು ಹೊತ್ತು ಕುಡಿಯುತ್ತಾರೆ?